ಗಟ್ಟಿಗಿತ್ತಿಗೂ ಒಬ್ಬರು ಬೇಕು

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು, ವಯಸ್ಸು 36. ಒಂದೂವರೆ ವರ್ಷದ ಹಿಂದೆ ನನ್ನ ಪತಿ ಹೃದಯಾಘಾತದಿಂದ ತೀರಿಕೊಂಡರು. ಆರು ಎಕರೆ ಕಾಫಿ, ಅದರ ನಡುವೆ ಮೆಣಸು, ಬ್ಯಾಂಕಿನ ಸಾಲ, ಎಂಟು ವರ್ಷದ ಮಗ, ವಯಸ್ಸಾದ ಅತ್ತೆ, ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ‘ಎಂಥ ಗಟ್ಟಿಗಿತ್ತಿ’ ಎಂದು ಊರವರೆಲ್ಲ ಹೊಗಳುತ್ತಾರೆ. ಮೊದಲು ರಾತ್ರಿ ಮೂರು ಗಂಟೆಗೆ ಕರೆಂಟ್ ಬಂದಾಗ ಮೋಟಾರ್ ಹಾಕಲು ಏಳುತ್ತಿದ್ದೆ. ಈಗ ಮೋಟಾರಿನ ಕೆಲಸ ಇಲ್ಲದ ದಿನವೂ ಮೂರಕ್ಕೆ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಅಳುವೂ ಬರುವುದಿಲ್ಲ. ಕಳೆದ ತಿಂಗಳು ಮಗ ಹಾಲಿನ ಲೋಟ ಚೆಲ್ಲಿದ್ದಕ್ಕೆ ಹೊಡೆದುಬಿಟ್ಟೆ. ಅವನು ಅಳಲಿಲ್ಲ, ತನ್ನ ಅಂಗಿ ಬಿಚ್ಚಿ ಅದರಿಂದಲೇ ನೆಲ ಒರೆಸಿದ. ಅಂದಿನಿಂದ ತುಂಬಾ ಒಳ್ಳೆಯ ಹುಡುಗನಾಗಿದ್ದಾನೆ. ಹಾಸನದಲ್ಲಿರುವ ಅಕ್ಕ ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ, ‘ಚೆನ್ನಾಗಿದ್ದೇನೆ’ ಎಂದು ಹೇಳಿ ಇಡುತ್ತೇನೆ. ನನ್ನ ತಾಯಿ ನನಗಿಂತ ಹೆಚ್ಚು ಕಷ್ಟ ಕಂಡವರು. ಅವರು ಕುಗ್ಗಿದ್ದನ್ನು ನಾನು ನೋಡಲೇ ಇಲ್ಲ. ನಾನು ದುರ್ಬಲಳೇ? ಮನೋಬಲ ಹುಟ್ಟಿನಿಂದ ಬರುವುದೇ, ಅಥವಾ ಬೆಳೆಸಿಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗ ಅಂಗಿ ಬಿಚ್ಚಿ ನೆಲ ಒರೆಸಿದ ಸಾಲು. ಎಂಟು ವರ್ಷದ ಹುಡುಗ ಪೆಟ್ಟು ತಿಂದರೆ ಅಳುತ್ತಾನೆ, ಅಜ್ಜಿಯ ಹತ್ತಿರ ಓಡುತ್ತಾನೆ. ಇವನು ನೆಲ ಒರೆಸಿದ. ಏನೇ ಆದರೂ ಅಳದೆ ಮುಂದಿನ ಕೆಲಸಕ್ಕೆ ಕೈಹಾಕುವುದನ್ನು ಆ ಮನೆಯಲ್ಲಿ ಯಾರನ್ನು ನೋಡಿ ಕಲಿತ ಎಂಬುದು ನಿಮಗೂ ಹೊಳೆದಿರಬೇಕು. ಇಲ್ಲದಿದ್ದರೆ ಅಂಗಿಯ ವಿಷಯವನ್ನು ನೀವು ಬರೆಯುತ್ತಿರಲಿಲ್ಲ. ಅವನ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನೀವು ಕೇಳಿದ್ದಕ್ಕೆ ನೇರ ಉತ್ತರ. ನೀವು ದುರ್ಬಲರಲ್ಲ. ಅಳು ಬಾರದಿರುವುದು ಅಷ್ಟರಿಂದಲೇ ಕಾಯಿಲೆಯೂ ಆಗುವುದಿಲ್ಲ. ಅತ್ತು ಹಗುರಾಗದಿದ್ದರೆ ದುಃಖ ಒಳಗೇ ಕೊಳೆತು ಒಂದು ದಿನ ಸಿಡಿಯುತ್ತದೆ ಎಂದು ನಿಮಗೆ ಬಹಳ ಜನ ಹೆದರಿಸಿರುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ ಸಂಗಾತಿಯನ್ನು ಕಳೆದುಕೊಂಡವರ ಬಗೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು 2004ರಲ್ಲಿ ಒಂದು ಪ್ರಬಂಧ ಬರೆದರು. ದುಃಖಪಟ್ಟವರೆಲ್ಲರೂ ಒಂದೇ ದಾರಿಯಲ್ಲಿ ಸಾಗುವುದಿಲ್ಲ, ನೋವಿನ ನಡುವೆಯೂ ದಿನದ ಬದುಕನ್ನು ನಡೆಸಿಕೊಂಡು ಹೋಗುವವರೇ ಬಹಳ, ತಡವಾಗಿ ಸಿಡಿಯುವ ದುಃಖಕ್ಕೆ ಪುರಾವೆ ತೀರಾ ಕಡಿಮೆ ಎಂಬುದು ಅದರ ತಿರುಳು. ಆದ್ದರಿಂದ ‘ಅತ್ತುಬಿಡಿ’ ಎಂದು ನಾನು ಹೇಳುವುದಿಲ್ಲ. ಬಂದಾಗ ಬರಲಿ. ನನ್ನ ಕಳವಳ ಇರುವುದು ಬೇರೆ ಮೂರರ ಬಗ್ಗೆ: ಮೂರು ಗಂಟೆಯ ಎಚ್ಚರ, ಮಗನ ಮೇಲೆ ಎದ್ದ ಕೈ, ಅಕ್ಕನಿಗೆ ಹೇಳುವ ‘ಚೆನ್ನಾಗಿದ್ದೇನೆ’. ಈ ಮೂರೂ ಒಂದೇ ಬೇರಿನವು ಎಂದು ನನ್ನ ಅನುಭವ ಹೇಳುತ್ತದೆ.

ಮನೋಬಲ ಹುಟ್ಟಿನಿಂದ ಬರುತ್ತದೆಯೇ ಎಂಬ ಪ್ರಶ್ನೆಗೆ ಒಂದು ದ್ವೀಪದಲ್ಲಿ ಉತ್ತರ ಸಿಕ್ಕಿದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ನಲವತ್ತು ವರ್ಷ ಬಿಡದೆ ಹಿಂಬಾಲಿಸಿದರು. ಅಲ್ಲಿಯೂ ತೋಟಗಳಿದ್ದವು, ಕಬ್ಬು ಮತ್ತು ಅನಾನಸ್. ಬಹಳ ಮಕ್ಕಳ ತಂದೆ ತಾಯಿ ತೋಟದ ಕೂಲಿಗಳು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಹೆರಿಗೆಯ ತೊಂದರೆ, ಮನೆಯಲ್ಲಿ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ ಇವುಗಳಲ್ಲಿ ನಾಲ್ಕನ್ನಾದರೂ ಹೊತ್ತು ಬೆಳೆದರು. ಇವರೆಲ್ಲ ಹಾಳಾಗುತ್ತಾರೆ ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಆ ಗುಂಪಿನ ಮೂರರಲ್ಲಿ ಎರಡು ಪಾಲು ಮಕ್ಕಳು ಕಷ್ಟಕ್ಕೆ ಸಿಕ್ಕಿದ್ದೂ ನಿಜ. ಉಳಿದ ಒಂದು ಪಾಲು, 72 ಮಕ್ಕಳು, ಹದಿನೆಂಟಾಗುವ ಹೊತ್ತಿಗೆ ಆತ್ಮವಿಶ್ವಾಸವುಳ್ಳ, ಇತರರ ಬಗ್ಗೆ ಕಾಳಜಿ ಇರುವ ಯುವಕ ಯುವತಿಯರಾಗಿ ನಿಂತಿದ್ದರು. ಅವರಲ್ಲಿ ಕೆಲವರು ಹುಟ್ಟಿನಿಂದಲೇ ಲವಲವಿಕೆಯ ಸ್ವಭಾವದವರು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಮಕ್ಕಳ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಇನ್ನೊಂದು: ಅವರನ್ನು ಅವರಾಗಿಯೇ ಒಪ್ಪಿಕೊಂಡ, ಕೈಬಿಡದ ಒಬ್ಬ ವ್ಯಕ್ತಿ. ತಂದೆ ತಾಯಿಯೇ ಆಗಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು, ಒಬ್ಬ ಶಿಕ್ಷಕಿ. ನನಗೆ ಇನ್ನೂ ಹೆಚ್ಚು ಇಷ್ಟವಾಗುವ ಭಾಗ ಮುಂದಿನದು. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲಿಯೂ ಬಹಳ ಮಂದಿ ಮೂವತ್ತು ನಲವತ್ತರ ಹೊತ್ತಿಗೆ ಚೇತರಿಸಿಕೊಂಡಿದ್ದರು. ಅವರ ಕಥೆಗಳಲ್ಲಿಯೂ ಆಸರೆಯಾದ ಒಬ್ಬ ಸಂಗಾತಿ, ಒಂದು ಒಳ್ಳೆಯ ಕೆಲಸ, ಕೂಡಿ ಬಾಳುವ ಒಂದು ಗುಂಪು ಕಾಣಿಸುತ್ತದೆ. ಚೇತರಿಕೆಗೆ ವಯಸ್ಸು ಮೀರುವುದಿಲ್ಲ.

ಈಗ ನಿಮ್ಮ ತಾಯಿಯವರ ಮಾತು. ಅವರು ಕುಗ್ಗಿದ್ದನ್ನು ನೀವು ನೋಡಲಿಲ್ಲ ಎಂದಿದ್ದೀರಿ. ನೀವು ಆಗ ಮಗು. ಇಂದು ನಿಮ್ಮ ಅತ್ತೆಗೂ ಊರಿಗೂ ನೀವು ಕಾಣುವುದೂ ಹಾಗೆಯೇ ಅಲ್ಲವೇ? ಇನ್ನೊಂದನ್ನು ನೆನಪಿಸಿಕೊಳ್ಳಿ. ನಮ್ಮ ತಾಯಂದಿರ ಕಾಲದ ಮಲೆನಾಡಿನ ಮನೆಯಲ್ಲಿ ಒಲೆಯ ಮುಂದೆ ಒಬ್ಬರೇ ಇರುತ್ತಿರಲಿಲ್ಲ. ವಾರಗಿತ್ತಿ, ನಾದಿನಿ, ವಿಧವೆಯಾಗಿ ತವರಿಗೆ ಬಂದ ಸೋದರತ್ತೆ. ಗದ್ದೆ ನಾಟಿಗೆ ಮುಯ್ಯಾಳು ಬರುತ್ತಿದ್ದರು, ಇಂದು ನಿಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನೀವು. ಸಸಿ ನೆಡುತ್ತಾ ಬಗ್ಗಿದ ಬೆನ್ನುಗಳ ನಡುವೆ ಎಷ್ಟು ಸಂಸಾರಗಳ ಗುಟ್ಟು ಆಡಿಕೊಂಡರೋ, ಎಷ್ಟು ಮಂದಿ ಕಣ್ಣೊರೆಸಿಕೊಂಡರೋ. ನೀವು ತಾಯಿಯೊಬ್ಬರ ಬಲ ಎಂದು ತಿಳಿದಿರುವುದರಲ್ಲಿ ಹತ್ತು ಹೆಂಗಸರ ಕೈ ಇತ್ತು. ಆ ಕಾಲವನ್ನು ನಾನು ಹೊಗಳುತ್ತಿಲ್ಲ, ಅದೇ ಒಲೆಯ ಮುಂದೆ ಎಷ್ಟೋ ಜನ ನರಳಿದ್ದಾರೆ. ಆದರೆ ನೀವು ಇಂದು ಆರು ಎಕರೆಯಲ್ಲಿ, ಮೊಬೈಲ್ ಸಿಗ್ನಲ್ ಕೂಡ ಸರಿಯಾಗಿ ಸಿಗದ ಕಡೆ, ಒಬ್ಬರೇ ನಿಂತು ಅವರೊಂದಿಗೆ ಹೋಲಿಸಿಕೊಳ್ಳುತ್ತಿದ್ದೀರಿ. ಆ ಲೆಕ್ಕವೇ ತಪ್ಪು. ತಾಯಿ ಇದ್ದರೆ, ಮುಂದಿನ ಸಲ ಹೋದಾಗ ಕೇಳಿ: ‘ಅಮ್ಮಾ, ಆ ದಿನಗಳಲ್ಲಿ ನೀನು ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದೆ?’

‘ಗಟ್ಟಿಗಿತ್ತಿ’ ಎಂಬ ಮಾತಿನ ಬಗ್ಗೆ ನನಗೆ ಸಿಟ್ಟಿದೆ, ಅದನ್ನು ಹೇಳಿಬಿಡುತ್ತೇನೆ. ಆಡುವವರು ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಆದರೆ ಅದನ್ನು ಕೇಳಿದ ಮೇಲೆ ‘ಇಲ್ಲ, ನನಗೆ ಆಗುತ್ತಿಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಹೊಗಳಿದವರಿಗೂ ಸಹಾಯ ಮಾಡುವ ಹೊಣೆ ತಪ್ಪುತ್ತದೆ. ತಿಥಿ ಮುಗಿಯುವವರೆಗೆ ಮನೆ ತುಂಬ ಇದ್ದ ನೆಂಟರು ಆಮೇಲೆ ಕರಗಿಹೋಗುವುದರಲ್ಲಿ ಈ ಒಂದು ಪದದ ಪಾಲು ದೊಡ್ಡದು.

ಇನ್ನು ತನ್ನನ್ನು ತಾನು ಅರಿಯುವ ವಿಷಯ. ಇದು ಧ್ಯಾನಕ್ಕೆ ಕೂತವರಿಗೆ ಮಾತ್ರ ಸೇರಿದ್ದು ಎಂದುಕೊಳ್ಳಬೇಡಿ. ಇದು ಶುರುವಾಗುವುದು ಪದಗಳಿಂದ. ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಎಲ್ಲಕ್ಕೂ ಒಂದೇ ಪದ: ಬೇಜಾರು. ಕೆಲಸವಿಲ್ಲದಿದ್ದರೆ ಬೇಜಾರು, ಯಾರೋ ಚುಚ್ಚಿದರೆ ಬೇಜಾರು, ಸಾವಾದರೂ ಬೇಜಾರು. ಇತ್ತೀಚೆಗೆ ಅದರ ಜೊತೆ ‘ಟೆನ್ಷನ್’ ಸೇರಿಕೊಂಡಿದೆ. ಕನ್ನಡದ ಉಗ್ರಾಣದಲ್ಲಿ ಎಷ್ಟೊಂದು ಪದಗಳಿವೆ ನೋಡಿ. ಮುಂದೇನಾಗುವುದೋ ಎಂಬುದು ಕಳವಳ. ಆಗಿಹೋದದ್ದರ ಬಗ್ಗೆ ಒಳಗೇ ಬೇಯುವುದು ಹಳಹಳಿ. ಮೋಡದಂತೆ ಕವಿದು ಸರಿಯದಿರುವುದು ದುಗುಡ. ಒಂದು ಕಡೆ ಕೂರಲಾಗದ, ನಿಲ್ಲಲಾಗದ ತಳಮಳ ಬೇರೆ. ನಾಲ್ಕು ಜನರ ನಡುವೆಯೂ ತಬ್ಬಲಿ ಎನಿಸುವುದು ಬೇರೆ. ಸಹಿಸಿ ಸಹಿಸಿ ರೋಸಿಹೋಗುವುದೇ ಬೇರೆ.

ಸಕಲೇಶಪುರ ಕಡೆಯ ರೈತರೊಬ್ಬರು ಹಿಂದೊಮ್ಮೆ ನನ್ನಲ್ಲಿಗೆ ಬಂದಿದ್ದರು. ಗುರುತು ಸಿಗದಂತೆ ಒಂದಿಷ್ಟು ಬದಲಿಸಿ ಬರೆಯುತ್ತಿದ್ದೇನೆ. ಆನೆಗಳು ಬಂದು ಕಟಾವಿಗೆ ಸಿದ್ಧವಿದ್ದ ಗದ್ದೆಯನ್ನು ತುಳಿದು ಹೋಗಿದ್ದವು. ‘ಬೇಜಾರು ಸಾರ್’ ಎಂದರು, ಅಷ್ಟೇ. ಬೆಳೆ ಹೋದ ನೋವೇ ಎಂದೆ. ಅದೂ ಇದೆ ಎಂದರು. ಸಾಲದ ಭಯವೇ? ಅದೂ ಇದೆ. ಮುಕ್ಕಾಲು ಗಂಟೆ ಹೀಗೆಯೇ ಹೋಯಿತು. ಆಮೇಲೆ, ಪರಿಹಾರದ ಅರ್ಜಿ ಹಿಡಿದು ಒಂದು ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತದ್ದನ್ನು, ಮಗನ ವಯಸ್ಸಿನವನು ‘ಹೊರಗೆ ನಿಲ್ಲು’ ಎಂದದ್ದನ್ನು ಹೇಳುತ್ತಿದ್ದಂತೆ ಅವರ ದವಡೆ ಬಿಗಿಯಿತು. ‘ಅವಮಾನ’ ಎಂಬ ಪದ ಅವರ ಬಾಯಿಂದಲೇ ಬಂತು. ಆ ಪದ ಸಿಕ್ಕ ಮೇಲೆ ಏನು ಮಾಡಬೇಕೆಂಬುದೂ ಅವರಿಗೇ ತಿಳಿಯಿತು. ಮುಂದಿನ ಸಲ ಒಬ್ಬರೇ ಹೋಗಲಿಲ್ಲ, ಊರಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋದರು. ಭಾವನೆಗೆ ಹೆಸರಿಟ್ಟಾಗ ಮೆದುಳಿನಲ್ಲಿ ಆಗುವ ಬದಲಾವಣೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಅವರ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು. ಕೋಪದ, ಭಯದ ಮುಖಗಳನ್ನು ನೋಡುವಾಗ ಆ ಭಾವನೆಗೆ ತಕ್ಕ ಪದವನ್ನು ಆರಿಸಿದವರಲ್ಲಿ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುತ್ತಿತ್ತು.

ಆದರೆ ಒಂದು ಎಚ್ಚರಿಕೆ. ತನ್ನನ್ನು ಅರಿಯುವುದೂ ತನ್ನ ಬಗ್ಗೆಯೇ ಕೊರಗುವುದೂ ಮೇಲುನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1989ರ ಅಕ್ಟೋಬರ್‌ನಲ್ಲಿ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮುಂಚೆ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ ಅವರು, ಬೇಸರವಾದಾಗ ಏನು ಮಾಡುತ್ತೀರಿ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕೇಳಿ ಬರೆದಿಟ್ಟುಕೊಂಡಿದ್ದರು. ಕಂಪನದ ನಂತರ ಮತ್ತೆ ಹೋಗಿ ನೋಡಿದರು. ‘ನನಗೇ ಏಕೆ ಹೀಗೆ’ ಎಂದು ಒಂದನ್ನೇ ಅರೆಯುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿದ್ದವು, ಏಳು ವಾರದ ಮೇಲೂ ಇಳಿದಿರಲಿಲ್ಲ. ರಾತ್ರಿ ಮೂರು ಗಂಟೆಗೆ ನೀವು ಮಾಡುತ್ತಿರುವುದು ಈ ಅರೆಯುವ ಕೆಲಸವೇ ಇರಬೇಕು. ಆ ಹೊತ್ತಿನಲ್ಲಿ ಬರುವ ಯಾವ ಯೋಚನೆಯನ್ನೂ ನಂಬಬೇಡಿ. ಎದ್ದು ನೀರು ಕುಡಿಯಿರಿ, ಗಡಿಯಾರ ನೋಡಬೇಡಿ, ಮೊಬೈಲ್ ಮುಟ್ಟಬೇಡಿ, ಲೆಕ್ಕಪುಸ್ತಕವನ್ನಂತೂ ತೆಗೆಯಲೇಬೇಡಿ.

ಹಾಗಾದರೆ ಕೊರಗದೆ ಅರಿಯುವುದು ಹೇಗೆ? ನಿಮ್ಮ ತೋಟದಲ್ಲೋ ಪಕ್ಕದವರಲ್ಲೋ ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆಯುವುದನ್ನು ನಿಮ್ಮ ಪತಿಯೂ ಮಾಡುತ್ತಿದ್ದಿರಬಹುದು. ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ, ಅದಕ್ಕೂ ಲೆಕ್ಕ ಇಡುವ ಜನ ನಾವು. ಅಳೆಯುವವರು ಮಳೆ ಕಡಿಮೆಯಾಯಿತೆಂದು ತಮ್ಮನ್ನು ಬೈದುಕೊಳ್ಳುವುದಿಲ್ಲ. ಬಂದದ್ದನ್ನು ಬಂದಷ್ಟೇ ಬರೆಯುತ್ತಾರೆ, ಹೂ ಅರಳಲು ಇದು ಸಾಕೇ, ಸ್ಪ್ರಿಂಕ್ಲರ್ ಹಾಕಬೇಕೇ ಎಂದು ಯೋಚಿಸುತ್ತಾರೆ. ಆಮೇಲೆ ಫೋನ್ ಎತ್ತಿ ಕೇಳುತ್ತಾರೆ, ‘ನಿಮ್ಮಲ್ಲಿ ಎಷ್ಟು ಬಂತು?’ ಗೋಣಿಬೀಡಿನಲ್ಲಿ ಒಂದು ಇಂಚು ಸುರಿದ ಸಂಜೆ ಬಣಕಲ್‌ನಲ್ಲಿ ಮಣ್ಣೂ ನೆನೆದಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿಯೇ ಕೇಳುತ್ತಾರೆ.

ಅಂಥದೇ ಒಂದು ಪುಸ್ತಕ ನಿಮಗೂ ಬೇಕು. ಅಡುಗೆಮನೆಯ ಗೂಡಿನಲ್ಲಿ ಇಡಿ, ಪೆನ್ನು ಅಲ್ಲಿಯೇ ಇರಲಿ. ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಸಾಲು: ಹೊತ್ತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಅದಕ್ಕೆ ಮುಂಚೆ ಏನಾಗಿತ್ತು, ಹೆಸರೇನು. ‘6.30. ಗಂಟಲು ಬಿಗಿ. ಬ್ಯಾಂಕಿನಿಂದ ಫೋನ್ ಬಂದಿತ್ತು. ಕಳವಳ.’ ಇಷ್ಟೇ. ‘ಏಕೆ’ ಎಂದು ಬರೆಯಲು ಹೋಗಬೇಡಿ, ಅದು ಮತ್ತೆ ಅರೆಯಲು ಕೂರಿಸುತ್ತದೆ. ಎರಡು ವಾರ ಕಳೆದ ಮೇಲೆ ಓದಿ ನೋಡಿ. ಹಾಲಿನ ಲೋಟ ಬಿದ್ದ ಆ ಸಂಜೆ ಅದಕ್ಕೆ ಮುಂಚೆ ಏನಾಗಿತ್ತು ಎಂದು ಈಗಲೇ ನೆನಪಿಸಿಕೊಂಡರೂ ಆಗುತ್ತದೆ. ಆ ಕೈಯನ್ನು ಎತ್ತಿಸಿದ್ದು ಹಾಲು ಎಂದು ನನಗೆ ಅನಿಸುವುದಿಲ್ಲ.

ಆದರೆ ಬರೆದಿಟ್ಟ ಪುಸ್ತಕ ಗೂಡಿನಲ್ಲಿಯೇ ಉಳಿದರೆ ಅರ್ಧ ಕೆಲಸವಾದಂತೆ. ನನ್ನ ವೃತ್ತಿಯಲ್ಲಿ ನಾನು ಖಚಿತವಾಗಿ ನಂಬುವ ಮಾತೊಂದಿದೆ: ತನ್ನೊಳಗನ್ನು ಅರಿಯುವುದು, ಕಾಳಜಿಯುಳ್ಳವರ ಜೊತೆ ಬಾಳುವುದು ಇವೆರಡೂ ಬೇರೆ ಬೇರೆ ಔಷಧಗಳಲ್ಲ. ಏನಾಗುತ್ತಿದೆ ಎಂದು ನಿಮಗೇ ತಿಳಿಯದಿದ್ದರೆ ಅಕ್ಕನಿಗೆ ಏನೆಂದು ಹೇಳುತ್ತೀರಿ? ‘ಚೆನ್ನಾಗಿದ್ದೇನೆ’ ಎಂದೇ ಹೇಳಬೇಕಾಗುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. ಆ ರೈತರಿಗೆ ‘ಅವಮಾನ’ ಎಂಬ ಪದ ಮುಕ್ಕಾಲು ಗಂಟೆ ಎದುರಿಗೆ ಒಬ್ಬರು ಕೂತಿದ್ದರಿಂದ ಸಿಕ್ಕಿತು, ಮನೆಯಲ್ಲಿ ಒಬ್ಬರೇ ತಿಂಗಳಿಡೀ ಕೂತಾಗ ಸಿಕ್ಕಿರಲಿಲ್ಲ.

ಮುಂದಿನ ಸಂಗತಿಯನ್ನು ನಿಮಗೆ ಬರೆಯಲು ಹಿಂಜರಿದೆ, ಕೊನೆಗೆ ಬರೆಯುವುದೇ ಸರಿ ಅನಿಸಿತು. ವರ್ಜೀನಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 16 ಮಂದಿ ವಿವಾಹಿತ ಮಹಿಳೆಯರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಸಣ್ಣ ವಿದ್ಯುತ್ ಆಘಾತ ಬರಬಹುದು ಎಂಬ ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಿದ್ದಾಗ ಮೆದುಳಿನ ಭಯದ ಪ್ರತಿಕ್ರಿಯೆ ಸ್ಪಷ್ಟವಾಗಿ ತಗ್ಗಿತು. ಇದನ್ನು ಓದಿ ನಿಮ್ಮ ಎದೆ ಭಾರವಾಗುತ್ತದೆ ಎಂದು ಗೊತ್ತು. ಕತ್ತಲಲ್ಲಿ ನೀವು ಏಕೆ ಬೆಚ್ಚುತ್ತೀರಿ ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನ್ನಲ್ಲಿಲ್ಲ. ಮೈಗೆ ಅಭ್ಯಾಸವಾಗಿದ್ದ ಒಂದು ಕೈ ಈಗ ಇಲ್ಲ, ಅದನ್ನು ದೌರ್ಬಲ್ಯ ಎಂದು ಕರೆಯುವುದು ಅನ್ಯಾಯ. ಆದರೆ ಅದೇ ಪ್ರಯೋಗದಲ್ಲಿ ಅಪರಿಚಿತರ ಕೈ ಹಿಡಿದಾಗಲೂ ಭಯ ಸ್ವಲ್ಪ ಇಳಿದಿತ್ತು. ಗಂಡನ ಕೈಯಷ್ಟಲ್ಲ, ಆದರೂ ಇಳಿದಿತ್ತು. ಅವರ ಜಾಗವನ್ನು ಯಾರೂ ತುಂಬುವುದಿಲ್ಲ. ತುಂಬದೆಯೂ ಒಬ್ಬರು ಪಕ್ಕದಲ್ಲಿ ಕೂರಬಹುದು.

ಯಾರಲ್ಲಿ ಹೇಳಿಕೊಳ್ಳಬೇಕು ಎಂಬುದನ್ನು ಮಾತ್ರ ನೋಡಿ ಆರಿಸಿ. ಎಲ್ಲ ನೆಂಟಸ್ತಿಕೆಯೂ ಆಸರೆಯಲ್ಲ. ಹೇಳಿದ್ದನ್ನು ಮರುದಿನ ಸಂತೆಯಲ್ಲಿ ಆಡುವವರಿದ್ದಾರೆ, ನಿಮ್ಮ ದುಃಖದ ಮಾತು ಮುಗಿಯುವ ಮುಂಚೆ ತಮ್ಮದನ್ನು ಶುರು ಮಾಡುವವರಿದ್ದಾರೆ. ಮೊದಲು ಚಿಕ್ಕದೊಂದನ್ನು ಹೇಳಿ ನೋಡಿ, ‘ಈಚೆಗೆ ನಿದ್ದೆ ಸರಿಯಿಲ್ಲ’ ಎನ್ನುವಷ್ಟು. ಕೂಡಲೇ ಬುದ್ಧಿ ಹೇಳದೆ ‘ಎಷ್ಟು ದಿನದಿಂದ?’ ಎಂದು ಕೇಳಿದವರು ನಿಮ್ಮವರು. ಸ್ವಸಹಾಯ ಸಂಘದ ಸಭೆಯಲ್ಲಿ ಅಂಥ ಒಬ್ಬರು ಸಿಗಬಹುದು, ತೋಟದ ಕೆಲಸಕ್ಕೆ ಬರುವ ಹಿರಿಯ ಹೆಂಗಸೇ ಆಗಬಹುದು. ಸಹಾಯ ಪಡೆಯಲು ನಾಚಿಕೆಯಾದಾಗ ಮುಯ್ಯಾಳನ್ನು ನೆನಪಿಸಿಕೊಳ್ಳಿ. ಅಲ್ಲಿ ಪಡೆಯುವುದು ಕೊಡುವಷ್ಟೇ ಸಹಜವಾಗಿತ್ತು, ಪಡೆಯದೆ ಬರೀ ಕೊಡುತ್ತೇನೆ ಎಂದರೆ ಎದುರಿನವರಿಗೇ ಮುಜುಗರ. ಮೆಣಸು ಕೊಯ್ಲಿನ ಲೆಕ್ಕ ನೋಡಲು, ಬ್ಯಾಂಕಿಗೆ ಜೊತೆ ಬರಲು, ವಾರಕ್ಕೊಂದು ರಾತ್ರಿ ಅತ್ತೆಯ ಬಳಿ ಮಲಗಲು ಯಾರನ್ನಾದರೂ ಹೆಸರು ಹಿಡಿದು ಕೇಳಿ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಹೋದವರಲ್ಲಿ ಅರ್ಧದಷ್ಟು ಜನ ಏನು ಮಾಡಬೇಕೆಂದು ತಿಳಿಯದೆ ದೂರ ನಿಂತಿದ್ದಾರೆ.

ಮಗನ ವಿಷಯ. ಅವನು ‘ಒಳ್ಳೆಯ ಹುಡುಗ’ ಆಗಿರುವುದು ನನಗೆ ಅಷ್ಟು ಸಮಾಧಾನ ತರುವುದಿಲ್ಲ. ತಂದೆಯನ್ನು ಕಳೆದುಕೊಂಡ ಮಗು ತಾಯಿಯನ್ನೂ ಕಳೆದುಕೊಂಡೇನೋ ಎಂಬ ಭಯದಲ್ಲಿ ತನ್ನನ್ನು ಆದಷ್ಟು ಚಿಕ್ಕದಾಗಿಸಿಕೊಳ್ಳುವುದುಂಟು. ನೀವು ಅವನ ಹತ್ತಿರ ಕ್ಷಮೆ ಕೇಳಬೇಕು. ಉಡುಗೊರೆಯ ಮೂಲಕ ಬೇಡ, ಹೋಳಿಗೆಯ ಮೂಲಕವೂ ಬೇಡ, ಬಾಯಲ್ಲಿ. ಅವನ ಎತ್ತರಕ್ಕೆ ಕೂತು, ‘ಅವತ್ತು ನಾನು ಹೊಡೆದದ್ದು ತಪ್ಪು. ಹಾಲು ಚೆಲ್ಲಿದ್ದಕ್ಕೆ ಅಲ್ಲ, ನನಗೆ ಬೇರೆ ಯೋಚನೆ ಇತ್ತು. ಅಪ್ಪ ಇಲ್ಲ ಎಂದು ನನಗೂ ತುಂಬಾ ದುಃಖವಾಗುತ್ತದೆ. ನಿನಗೆ?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಅವನು ಏನೂ ಹೇಳದೆ ಆಡಲು ಓಡಬಹುದು. ಓಡಲಿ, ನೀವು ಹೇಳಿದ್ದು ಅವನ ಕಿವಿಗೆ ಬಿದ್ದಿರುತ್ತದೆ. ಮಲಗುವ ಹೊತ್ತಿಗೆ ಅವನೇ ಏನಾದರೂ ಕೇಳಬಹುದು, ಆಗ ದೀಪ ಆರಿಸುವ ಅವಸರ ಮಾಡಬೇಡಿ. ಶಾಲೆಯಲ್ಲಿ ಅವನಿಗೆ ಇಷ್ಟವಾದ ಶಿಕ್ಷಕರು ಯಾರೆಂದು ತಿಳಿದು ಅವರೊಂದಿಗೂ ಒಮ್ಮೆ ಮಾತಾಡಿ. ಕವಾಯಿಯ ಮಕ್ಕಳಂತೆ ಅವನಿಗೂ ಮನೆಯ ಹೊರಗೆ ಒಬ್ಬರು ಬೇಕು.

ಇನ್ನು ವೈದ್ಯರ ಮಾತು. ನಸುಕಿಗೆ ಮುಂಚೆಯೇ ಎಚ್ಚರವಾಗುವುದು ಎರಡು ವಾರಕ್ಕಿಂತ ಹೆಚ್ಚು ನಡೆದಿದ್ದು, ಜೊತೆಗೆ ಊಟ ಸೇರದಿರುವುದು, ಯಾವುದರಲ್ಲಿಯೂ ಆಸಕ್ತಿ ಉಳಿಯದಿರುವುದು, ತಾನು ಯಾತಕ್ಕೂ ಬಾರದವಳು ಎನಿಸುವುದು ಇದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಸುಸ್ತು, ಸಿಡುಕು ಬರುತ್ತವೆ, ಅದನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಮನೋವೈದ್ಯರು ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ, ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಸಿಗುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಸಂಖ್ಯೆ 14416, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಮೂರು ಗಂಟೆಯ ಕತ್ತಲಲ್ಲಿ ‘ನಾನಿಲ್ಲದಿದ್ದರೇ ಒಳ್ಳೆಯದಿತ್ತು’ ಎಂಬ ಯೋಚನೆ ಒಂದೇ ಒಂದು ಸಲ ಬಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಅತ್ತೆಯನ್ನು ಎಬ್ಬಿಸಿ, ಆ ಸಂಖ್ಯೆಗೆ ಫೋನ್ ಮಾಡಿ.

ಭಾನುವಾರ ಅಕ್ಕನ ಫೋನ್ ಬರುತ್ತದೆ. ಅದಕ್ಕೆ ಮುಂಚೆ ಪುಸ್ತಕ ತೆಗೆದು ಆ ವಾರದ ಒಂದು ಸಾಲನ್ನು ಆರಿಸಿಕೊಳ್ಳಿ. ‘ಹೇಗಿದ್ದೀಯಾ’ ಎಂದಾಗ ‘ಅಕ್ಕಾ, ಒಂದು ವಿಷಯ ಓದಿ ಹೇಳುತ್ತೇನೆ, ಏನೂ ಸಲಹೆ ಕೊಡಬೇಡ, ಕೇಳಿಸಿಕೋ’ ಎಂದು ಹೇಳಿ ಆ ಸಾಲನ್ನು ಓದಿ. ಆಮೇಲೆ ನೀವೂ ಅವಳನ್ನು ಕೇಳಿ, ‘ನಿನ್ನಲ್ಲಿ ಈ ವಾರ ಎಷ್ಟು ಬಂತು?’ ಎಂದು. ಅವಳಿಗೆ ಅರ್ಥವಾಗದಿದ್ದರೆ ಮಳೆಮಾಪಕದ ಕಥೆ ಹೇಳಿ. ಒಂದು ತಿಂಗಳಾದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ಮಗ ಏನೆಂದ ಎಂಬುದನ್ನೂ ಸೇರಿಸಿ.